ಹೊಗೆಯನ್ನೇ ಶಕ್ತಿಯೆಂದು ಭ್ರಮಿಸುವುದೇಕೆ?

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹಳೆಯ ಡೀಸೆಲ್ ಜೀಪು ಏದುಸಿರು ಬಿಟ್ಟರೆ ಮಲೆನಾಡಿನ ಕೃಷಿಕನಿಗೆ ದೊರೆಯುವ ಅಗ್ಗದ ಸಲಹೆ ಒಂದೇ: ಪಂಪಿನ ತಿರುಪು ತಿರುಗಿಸಿ ಡೀಸೆಲ್ ಹೆಚ್ಚಿಸುವುದು. ಎಳೆತ ತುಸು ಹೆಚ್ಚುವುದು ನಿಜ. ಆದರೆ 1 ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಟರ್ಬೊ ಇಲ್ಲದ ಎಂಜಿನ್ ಹೆಚ್ಚಿನ ಗಾಳಿಯನ್ನು ಎಲ್ಲಿಂದ ತಂದೀತು? 1000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯೇ ಸುಮಾರು ಶೇ. 9ರಷ್ಟು ಕುಗ್ಗಿರುತ್ತದೆ. ಅರೆಬೆಂದ ಇಂಧನ ಮಸಿಯಾಗಿ ದಾರಿಬದಿಯ ಮಕ್ಕಳ ಶ್ವಾಸಕೋಶ ಸೇರುತ್ತದೆ. (ಹಿಂದೆ ಬರುವ ಬೈಕ್ ಸವಾರನ ಪಾಡು ಹೇಳುವುದೇ ಬೇಡ.)

ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯುವುದು ಬೇರೆ ಮಾತು. ಧೂಳು ಕಟ್ಟಿದ ಏರ್ ಫಿಲ್ಟರ್, ಸವೆದ ನಾಝಲ್, ತಪ್ಪಿದ ವಾಲ್ವ್ ಅಂತರ, ಚಕ್ರಕ್ಕೆ ಉಜ್ಜುವ ಬ್ರೇಕ್: ಮೊದಲು ಸರಿಪಡಿಸಬೇಕಾದವು ಇವು. ನಾಝಲ್ ಪರೀಕ್ಷೆಯನ್ನು ಮಾತ್ರ ಪಂಪಿನ ಕೆಲಸ ಬಲ್ಲವರಿಂದಲೇ ಮಾಡಿಸಬೇಕು.