ಹೆಡ್‌ಫೋನ್‌ನಲ್ಲಿ ಸಂಗೀತ ಕೇಳಿಸಿದರೆ ಮಗುವಿಗೆ ಮಾತು ಬರುತ್ತದೆಯೇ?

"ದಿನಕ್ಕೆ ಅರ್ಧ ಗಂಟೆ ಮಗುವಿಗೆ ಈ ಸಂಗೀತ ಕೇಳಿಸಿ. ಕಿವಿಯ ಮೂಲಕ ಮೆದುಳು ಚುರುಕಾಗುತ್ತದೆ, ಮಾತು ಬಾರದ ಮಕ್ಕಳೂ ಮಾತನಾಡುತ್ತಾರೆ" ಎನ್ನುವ ಧಾಟಿಯ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇರುತ್ತವೆ. ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧವೇ ನಮ್ಮನ್ನು ಉಳಿದರ್ಧವನ್ನೂ ನಂಬಿಸಿಬಿಡುತ್ತದೆ.

ನಾವು ಶಬ್ದ ಹಿಡಿಯುವುದು ಕಿವಿಯಿಂದ, ಅರ್ಥ ಮಾಡಿಕೊಳ್ಳುವುದು ಮೆದುಳಿನಿಂದ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿರುವ ಕಾಕ್ಲಿಯಾ ಇದೆ. ಅದರಲ್ಲಿರುವ ಸುಮಾರು 15,000 ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸುತ್ತವೆ, ಶ್ರವಣ ನರ ಅದನ್ನು ಮೆದುಳಿಗೆ ಒಯ್ಯುತ್ತದೆ. ಎಳವೆಯಲ್ಲಿ ಶಬ್ದವೇ ತಲುಪದಿದ್ದರೆ ಮೆದುಳಿನ ಕೇಳುವ ಭಾಗ ಸರಿಯಾಗಿ ಪಳಗುವುದಿಲ್ಲ. ಹುಟ್ಟಿನಿಂದ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಅನ್ನು ಆದಷ್ಟು ಬೇಗ ಹಾಕಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಆಲ್ಫ್ರೆಡ್ ತೊಮಾತಿಸ್ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರು. ಗಾಯಕರಿಗೆ ಚಿಕಿತ್ಸೆ ನೀಡುತ್ತಿದ್ದ ಅವರು, ಕಿವಿಗೆ ಕೇಳದ ಸ್ವರ ಗಂಟಲಿಗೂ ಬಾರದು ಎಂದು ವಾದಿಸಿದರು. 'ಎಲೆಕ್ಟ್ರಾನಿಕ್ ಕಿವಿ' ಎಂಬ ಯಂತ್ರ ಮಾಡಿ, ಸೋಸಿದ ಸಂಗೀತವನ್ನು ಹೆಡ್‌ಫೋನ್‌ನಲ್ಲಿ ಕೇಳಿಸತೊಡಗಿದರು. ಬಳಿಕ ಗೀ ಬೆರಾರ್ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯರು ಇಂಥದ್ದೇ ಪದ್ಧತಿಯೊಂದನ್ನು ತಂದರು: ಅರ್ಧ ಗಂಟೆಯ 20 ಸುತ್ತುಗಳು, ಸಾಮಾನ್ಯವಾಗಿ ಹತ್ತು ದಿನ. ಆಟಿಸಂ, ಕಲಿಕೆಯ ತೊಂದರೆ ಎಲ್ಲಕ್ಕೂ ಇದೇ ಮದ್ದು ಎಂಬ ಪ್ರಚಾರ ಬೆಳೆಯಿತು.

ಪರೀಕ್ಷಿಸಿ ನೋಡಿದಾಗ ಏನಾಯಿತು? ಆಟಿಸಂ ಇರುವವರ ಮೇಲೆ ನಡೆದ ಏಳು ಪ್ರಯೋಗಗಳನ್ನು 2011ರ ಕಾಕ್ರೇನ್ ವಿಮರ್ಶೆ ಒಟ್ಟಿಗೆ ಪರಿಶೀಲಿಸಿತು. ಎಲ್ಲ ಸೇರಿ 182 ಮಂದಿ. ಈ ಚಿಕಿತ್ಸೆಯನ್ನು ಬೆಂಬಲಿಸುವಷ್ಟು ಪುರಾವೆ ಸಿಗಲಿಲ್ಲ. 'ಮೊಜಾರ್ಟ್ ಕೇಳಿದರೆ ಮಗು ಜಾಣ' ಎಂಬುದರ ಕತೆ ಇನ್ನೂ ತಮಾಷೆಯದು. 1993ರ ಆ ಅಧ್ಯಯನದಲ್ಲಿ ಇದ್ದದ್ದು 36 ಕಾಲೇಜು ವಿದ್ಯಾರ್ಥಿಗಳು, ಒಂದೂ ಮಗು ಇರಲಿಲ್ಲ. ಕಂಡ ಲಾಭವೂ ಕಾಲು ಗಂಟೆಯೊಳಗೆ ಕರಗಿಹೋಗಿತ್ತು!

"ನಮ್ಮ ಮಗು ಸುಧಾರಿಸಿತಲ್ಲ?" ಎಂದು ಕೇಳುವ ತಂದೆತಾಯಿ ಸುಳ್ಳು ಹೇಳುತ್ತಿಲ್ಲ. ಆದರೆ ಆ ತಿಂಗಳುಗಳಲ್ಲಿ ಮಗು ಬೆಳೆದಿರುತ್ತದೆ, ಸ್ಪೀಚ್ ಥೆರಪಿಯೂ ಜೊತೆಗೆ ನಡೆದಿರಬಹುದು, ಮನೆಯವರು ಹೆಚ್ಚು ಮಾತನಾಡಿಸಿರುತ್ತಾರೆ. ಯಾವುದರಿಂದ ಏನಾಯಿತೆಂದು ಒಂದು ಮಗುವನ್ನು ನೋಡಿ ಹೇಳಲಾಗದು.

ಸಂಗೀತ ಕೇಳಿಸುವುದು ತಪ್ಪೇನಲ್ಲ, ಕೇಳಿಸಿ. ಜೋರು ಮಾತ್ರ ಬೇಡ, ಹಾಳಾದ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಟಿಸಂ ಇರುವ ಕೆಲವು ಮಕ್ಕಳಿಗೆ ಶಬ್ದವೇ ಹಿಂಸೆ, ಅವರಿಗೆ ಬಲವಂತವಾಗಿ ಹೆಡ್‌ಫೋನ್ ತೊಡಿಸಬೇಡಿ. ನಮ್ಮ ನಿಜವಾದ ಆತಂಕ ಬೇರೆ: ಕೇಳಿಸದ ಮಗುವಿಗೆ ಆರು ತಿಂಗಳು ಹಾಡು ಹಾಕಿ ಕಾಯುತ್ತಾ ಕುಳಿತರೆ, ಆ ಆರು ತಿಂಗಳು ಮರಳಿ ಬಾರದು. ಹೆಸರು ಕರೆದರೆ ತಿರುಗದ, ವಯಸ್ಸಿಗೆ ತಕ್ಕ ಮಾತು ಬಾರದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ. ಕಿವಿಗೆ ಪುಟ್ಟ ಸಾಧನವಿಟ್ಟು ಮಾಡುವ ಓಎಇ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಮಗು ನಿದ್ದೆಯಲ್ಲಿದ್ದರೂ ಆಗುತ್ತದೆ.