ಮಕ್ಕಳ ಕನ್ನಡ ಮತ್ತು ದೂರಪಾಠ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿರುವ ನಮ್ಮವರ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಮರಾಠಿಯನ್ನೂ ಹಿಂದಿಯನ್ನೂ ಕಲಿಯುತ್ತಾರೆ. 2020ರ ಕಾಯಿದೆಯಂತೆ ಈ ರಾಜ್ಯದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಈ ನೆಲದ ಅನ್ನ ಉಣ್ಣುವವರಿಗೆ ಅದು ಉಚಿತವೇ ಸರಿ. ಆದರೆ ಬಹುಮಂದಿ ಮಕ್ಕಳ ಪಾಲಿಗೆ ಕನ್ನಡಕ್ಕೆ ಉಳಿದಿರುವ ತಾಣ ಮನೆಯೊಂದೇ. ಆ ಮನೆಯಿಂದ ಮುಂಜಾನೆಯ ಲೋಕಲ್ ಹಿಡಿದು ಹೊರಟ ತಂದೆ, ಮಗು ಮಲಗಿದ ಮೇಲೆ ಮರಳುತ್ತಾನೆ.

2020ರ ಸಾಂಕ್ರಾಮಿಕದಲ್ಲಿ ಶಾಲೆಗಳು ಮುಚ್ಚಿದಂದಿನಿಂದ ಮೊಬೈಲಿನ ಪಾಠ ಎಲ್ಲರಿಗೂ ಪರಿಚಿತವಾಗಿದೆ. ಅಕ್ಷರಮಾಲೆಯ ಹಾಡುಗಳನ್ನು ಹಚ್ಚಿಕೊಟ್ಟರೆ ಮಗುವಿಗೆ ಕನ್ನಡ ತಾನಾಗಿ ಬಂದೀತೆಂದು ಅನೇಕರು ನಂಬಿದ್ದಾರೆ. ಈ ನಂಬಿಕೆಗೆ ಆಧಾರ ಸಾಲದು. 2003ರಲ್ಲಿ ಅಮೆರಿಕದ ವಿದುಷಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು, ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಬಾರಿ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗ್ರಹಿಸಿದವು. ಮುದ್ರಿತ ವೀಡಿಯೋವನ್ನಷ್ಟೇ ಕಂಡ ಶಿಶುಗಳು ಗ್ರಹಿಸಲಿಲ್ಲ. ಆದರೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎರಡು ಎರಡೂವರೆ ವರ್ಷದ ಮಕ್ಕಳು ವೀಡಿಯೋ ಕರೆಯಲ್ಲಿ ತಮ್ಮೊಡನೆ ಮಾತಾಡಿದವರಿಂದ ಹೊಸ ಪದಗಳನ್ನು ಕಲಿತರು. ಎಂದರೆ, ದೂರವಿದ್ದರೂ ಕಲಿಸಬಹುದು. ಮಗು ಕೇಳಿದ್ದಕ್ಕೆ ಮರುನುಡಿಯುವವರು ಮಾತ್ರ ಬೇಕು.

ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗಳು ದುಡಿಯುವ ಹುಡುಗರ ಬಿಡುವಿಗೆ ಪಾಠವನ್ನು ಹೊಂದಿಸಿದ್ದವು. ಆ ಕ್ರಮವೇ ಇಂದಿಗೂ ಯೋಗ್ಯ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಆರಂಭವಾಗುವುದರೊಳಗೆ, ಹೋಟೆಲಿನ ಬಂಧುಗಳು ಹತ್ತು ನಿಮಿಷ ಮಗುವಿಗೆ ಕರೆ ಮಾಡಲಿ. ಮಾಲಕರು ಅಷ್ಟು ಬಿಡುವನ್ನು ಅಡ್ಡಿಯಿಲ್ಲದೆ ಕೊಡಬೇಕು. ಕಚೇರಿಯ ಗುಮಾಸ್ತರಿಗೆ ಭಾನುವಾರವಿದೆ. ಊರಿನಲ್ಲಿರುವ ಅಜ್ಜಿ ವಾರಕ್ಕೆರಡು ಬಾರಿ ಕತೆ ಹೇಳಲಿ. ಮನೆಮಾತು ತುಳುವಾದರೆ ತುಳುವಿನಲ್ಲೇ ಹೇಳಲಿ.

ನಮ್ಮ ಸಂಘಗಳಿಗೂ ಒಂದು ಸೂಚನೆ. ಐವತ್ತು ಮಕ್ಕಳನ್ನು ಒಂದೇ ತೆರೆಯ ಮುಂದೆ ಮೌನವಾಗಿ ಕೂರಿಸುವುದರಿಂದ ಫಲವಿಲ್ಲ. ಐದಾರು ಮಕ್ಕಳ ತಂಡಕ್ಕೆ ಅರ್ಧ ಗಂಟೆಯ ಪಾಠ ಸಾಕು. ಅಕ್ಷರ ತಿದ್ದಿಸಲು ತಿಂಗಳಿಗೊಮ್ಮೆ ಸಂಘದ ಕೊಠಡಿಯಲ್ಲಿ ಅವರನ್ನು ಸೇರಿಸಬೇಕು. ವಾರ್ಷಿಕೋತ್ಸವದ ಖರ್ಚಿನಲ್ಲಿ ಅಲ್ಪಭಾಗ ಇದಕ್ಕೆ ಸಂದರೆ ಸಾಲದೆ ಹೋಗದು. ಬರುವ ಬೇಸಗೆಯ ರಜೆಯಲ್ಲಿ ಊರಿಗೆ ಹೋದ ಮಗು ಅಜ್ಜಿಯ ಪ್ರಶ್ನೆಗೆ ಅಜ್ಜಿಯ ಮಾತಿನಲ್ಲೇ ಉತ್ತರ ಕೊಡುವಂತಾಗಲೆಂದು ಹಾರೈಸುತ್ತೇವೆ.