ಪಟ್ಟಿ ಮಾಡುವುದೂ ಒಂದು ವಿದ್ಯೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನ ಬೇಕೆಂದು ಸಮಿತಿಯ ಮಿತ್ರರು ಕೇಳಿದರು. ಶಾಲೆಯ ಚರಿತ್ರೆಯನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆ. ನಾನು ಹಳೆಯ ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದೆ ಬೇರೊಂದು ವಿಚಾರವನ್ನಿಡಬಯಸುತ್ತೇನೆ. ಕನ್ನಡ ಶಾಲೆಯಲ್ಲಿ ಕಲಿತವನಿಗೆ ವಿಜ್ಞಾನ ದಕ್ಕದು ಎಂಬ ಮಾತು ನಮ್ಮ ಹೊಸೂರು ಸೀಮೆಯ ಕನ್ನಡದ ಮನೆಗಳಲ್ಲಿಯೇ ಕೇಳಿಬರುತ್ತಿದೆ; ಆ ಮಾತನ್ನು ನಂಬಿ ಮಕ್ಕಳನ್ನು ಶಾಲೆ ಬಿಡಿಸುವವರೂ ಇದ್ದಾರೆ. ವಿಜ್ಞಾನದ ಬುನಾದಿಯು ಗಮನವಿಟ್ಟು ನೋಡುವುದರಲ್ಲಿ ಮತ್ತು ನೋಡಿದ್ದನ್ನು ಕ್ರಮವಾಗಿ ಬರೆದಿಡುವುದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಆಕಾಶದಿಂದಲೇ ಒಂದು ನಿದರ್ಶನ ಕೊಡುತ್ತೇನೆ.

ನಮ್ಮ ಸೂರ್ಯನಿರುವ ಆಕಾಶಗಂಗೆಯು ರೊಟ್ಟಿಯಂತೆ ಚಪ್ಪಟೆಯಾದುದು. ಅದನ್ನು ಎಲ್ಲ ಕಡೆಯಿಂದಲೂ ಗೋಲಾಕಾರವಾಗಿ ಸುತ್ತುವರಿದು, ತಾರೆಗಳು ವಿರಳವಾಗಿರುವ ವಿಶಾಲ ಪ್ರದೇಶಕ್ಕೆ ಪರಿವೇಷವೆಂದು ಹೆಸರು. ಅಲ್ಲಿಯ ತಾರೆಗಳು ಬಹುಪಾಲು ಸಾವಿರ ಕೋಟಿ ವರ್ಷ ಕಂಡ ವೃದ್ಧರು. ಹುಟ್ಟಿನಿಂದಲೇ ನೀಲಿಯಾಗಿ, ಅತಿ ಬಿಸಿಯಾಗಿ ಉರಿಯುವ ಭಾರಿ ತಾರೆಗಳಾದರೋ ಬೇಗ ಇಂಧನ ಮುಗಿಸಿ ಅಳಿಯುತ್ತವೆ. ಹಾಗಿರುವಾಗ ಪರಿವೇಷದಲ್ಲಿ ನೀಲಿ ತಾರೆಗಳಿರಬಾರದು. ಆದರೂ ಇವೆ. ಇದೇಕೆ?

ಉತ್ತರ ಹುಡುಕಲು ಮೊದಲು ಅವುಗಳ ಪಟ್ಟಿ ಬೇಕಾಯಿತು. ಅಮೆರಿಕದ ಮಿಲ್ಟನ್ ಹ್ಯೂಮಸನ್ ಮತ್ತು ಫ್ರಿಟ್ಜ್ ಜ್ವಿಕಿ ಅವರು ಆಕಾಶಗಂಗೆಯ ಪಟ್ಟೆಯಿಂದ ದೂರದ ಆಕಾಶದಲ್ಲಿ ಮಸುಕಾದ ನೀಲಿ ತಾರೆಗಳನ್ನು ಹುಡುಕಿ 1947ರಲ್ಲಿ ಪಟ್ಟಿ ಪ್ರಕಟಿಸಿದರು. ಮೆಕ್ಸಿಕೋದ ಗಿಲೆರ್ಮೊ ಹಾರೋ ಮತ್ತು ವಿಲೆಮ್ ಲಯ್ಟನ್ ಅವರ 1962ರ ಪಟ್ಟಿಯಲ್ಲಿ 8,746 ಹೆಸರುಗಳಿದ್ದವು. ಅವರ ವಿಧಾನ ಸರಳ. ಒಂದೇ ಛಾಯಾಫಲಕದ ಮೇಲೆ, ಬೇರೆ ಬೇರೆ ಬಣ್ಣದ ಗಾಜುಗಳ ಮೂಲಕ, ಸ್ವಲ್ಪ ಸರಿಸಿ ಸರಿಸಿ, ಮೂರು ಬಾರಿ ಚಿತ್ರ ತೆಗೆಯುವುದು. ಬಿಸಿ ತಾರೆಯ ಅತಿನೇರಳೆ ಚುಕ್ಕೆ ಉಳಿದ ತಾರೆಗಳದಕ್ಕಿಂತ ಎದ್ದು ಕಾಣುತ್ತದೆ. ಅಂಥ ಚುಕ್ಕೆಗಳನ್ನು ಕಣ್ಣಿಟ್ಟು ಒಂದೊಂದಾಗಿ ಆರಿಸಬೇಕು.

ಆಕಾಶದ ಸುಮಾರು ಕಾಲುಭಾಗವನ್ನು ಶೋಧಿಸಿದ ಪಾಲೊಮಾರ್-ಗ್ರೀನ್ ಪಟ್ಟಿ 1986ರಲ್ಲಿ ಹೊರಬಂದಿತು. ಅದರ 1,874 ಕಾಯಗಳಲ್ಲಿ ಕೆಲವು ಕ್ವೇಸಾರುಗಳಾಗಿದ್ದವು, ಹಲವು ಸಮೀಪದ ಶ್ವೇತಕುಬ್ಜಗಳಾಗಿದ್ದವು. ದೊಡ್ಡ ಪಾಲು ಬಿಸಿ ಉಪಕುಬ್ಜಗಳದು. ಹೊರಗಿನ ಪದರಗಳನ್ನು ಕಳೆದುಕೊಂಡು ಒಳಗಿನ ಬಿಸಿ ತಿರುಳನ್ನು ತೋರುತ್ತಿರುವ ಮುದಿ ತಾರೆಗಳಿವು. ಹಲವು ಸಂದರ್ಭಗಳಲ್ಲಿ ಪದರಗಳನ್ನು ಕಸಿದದ್ದು ಜೊತೆಯ ತಾರೆಯೇ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,800 ಕೆಲ್ವಿನ್ ಆದರೆ ಇವುಗಳದು 20,000ಕ್ಕೂ ಮೇಲೆ. ವೃದ್ಧರೇಕೆ ನೀಲಿಯಾದರೆಂಬ ಪ್ರಶ್ನೆಗೆ ಒಂದು ಉತ್ತರ ಹೀಗೆ ದೊರೆಯಿತು.

ಇನ್ನೊಂದು ಉತ್ತರ ಯಾರೂ ಎದುರು ನೋಡದೆ ಬಂದಿತು. ಪರಿವೇಷದ ನೀಲಿ ತಾರೆಗಳ ವೇಗವನ್ನು ಒಂದೊಂದಾಗಿ ಅಳೆಯುತ್ತಿದ್ದ ವಾರೆನ್ ಬ್ರೌನ್ ಮತ್ತು ಸಂಗಡಿಗರು, ಸೆಕೆಂಡಿಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಆಕಾಶಗಂಗೆಯನ್ನೇ ತೊರೆದು ಹೋಗುತ್ತಿರುವ ಒಂದು ತಾರೆಯನ್ನು ಕಂಡುದಾಗಿ 2005ರಲ್ಲಿ ಪ್ರಕಟಿಸಿದರು. ಕೇಂದ್ರದ ಬೃಹತ್ ಕಪ್ಪುಕುಳಿಯು ಜೋಡಿ ತಾರೆಯೊಂದನ್ನು ಒಡೆದು ಒಂದನ್ನು ಹೀಗೆ ಎಸೆಯಬಲ್ಲದೆಂದು ಜ್ಯಾಕ್ ಹಿಲ್ಸ್ 1988ರಲ್ಲಿಯೇ ಊಹಿಸಿದ್ದರು.

2025ರ ಜನವರಿಯಲ್ಲಿ ವೀಕ್ಷಣೆ ಮುಗಿಸಿದ ಯುರೋಪಿನ ಗಾಯಾ ನೌಕೆಯ ಅಳತೆಗಳಿಂದ, ಬಿಸಿ ಉಪಕುಬ್ಜಗಳಾಗಿರಬಹುದಾದ 61,585 ತಾರೆಗಳ ಪಟ್ಟಿ 2022ರಲ್ಲಿ ಸಿದ್ಧವಾಯಿತು. ನಮ್ಮವರೂ ಹಿಂದೆ ಬಿದ್ದಿಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ನಮಗೆ ದೂರವಲ್ಲದ ಹೊಸಕೋಟೆಯಲ್ಲಿ. ಪರಿವೇಷದ ಗೋಳಗುಚ್ಛಗಳಲ್ಲಿರುವ ಬಿಸಿ ತಾರೆಗಳನ್ನು ಅದರಿಂದ ಗುರುತಿಸಿದ್ದಾರೆ.

ಪಟ್ಟಿ ಮಾಡುವುದು ಗುಮಾಸ್ತೆಯ ಕೆಲಸ, ಸಿದ್ಧಾಂತ ಕಟ್ಟುವುದೇ ವಿದ್ವತ್ತು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಅದು ಸಲ್ಲದು. ಹಿಲ್ಸ್ ಅವರ ಊಹೆ ಹದಿನೇಳು ವರ್ಷ ಕಾದದ್ದು ಒಂದು ಪಟ್ಟಿಗಾಗಿ. ಇನ್ನು ಹ್ಯೂಮಸನ್ ಅವರಾದರೋ ಹದಿನಾಲ್ಕರಲ್ಲಿ ಶಾಲೆ ಬಿಟ್ಟವರು. ಮೌಂಟ್ ವಿಲ್ಸನ್ ವೀಕ್ಷಣಾಲಯಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಿ, ಅಲ್ಲಿಯೇ ಜವಾನರಾಗಿ, ತಾಳ್ಮೆಯಿಂದಲೇ ಖಗೋಳಜ್ಞರಾದವರು. ಶಾಲೆ ಬೇಡವೆಂದು ಇದರ ಅರ್ಥವಲ್ಲ. ಉನ್ನತ ವ್ಯಾಸಂಗಕ್ಕೆ ಇಂಗ್ಲಿಷ್ ಬೇಕೆಂಬುದೂ ನಿಜ, ಅದನ್ನು ಚೆನ್ನಾಗಿಯೇ ಕಲಿಸೋಣ. ಆದರೆ ನೋಡುವ ಕಣ್ಣು, ಬರೆಯುವ ಶಿಸ್ತು ಹತ್ತು ಹನ್ನೆರಡರ ವಯಸ್ಸಿನಲ್ಲಿ ತಾಯ್ನುಡಿಯಲ್ಲಿಯೇ ಮೂಡಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ನೀವು ನೀಡುವ ಕಾಣಿಕೆಯಲ್ಲಿ ಒಂದು ಒಳ್ಳೆಯ ಬೈನಾಕ್ಯುಲರ್ ಮತ್ತು ರಟ್ಟು ಕಟ್ಟಿದ ಒಂದು ದಪ್ಪ ರಿಜಿಸ್ಟರ್ ಇರಲಿ. ಪ್ರತಿ ವರ್ಷ ಏಳನೆಯ ತರಗತಿಯ ಮಕ್ಕಳು ತಾವು ಕಂಡ ತಾರೆಗಳ ಬಣ್ಣ, ಸ್ಥಾನ, ದಿನಾಂಕಗಳನ್ನು ಕನ್ನಡದಲ್ಲಿ ಅದರೊಳಗೆ ಬರೆಯಲಿ. ಶಾಲೆಯ ಶತಮಾನೋತ್ಸವದ ಹೊತ್ತಿಗೆ ಅದರಲ್ಲಿ ಐವತ್ತು ತಂಡಗಳ ಬರಹವಿರುತ್ತದೆ.